ಸಿನಿಮಾದ ಹಂಗಿಲ್ಲದ ಹಾಡು: 2012ರ ಸ್ವತಂತ್ರ ಆಲ್ಬಂಗಳು

ವರ್ಷದ ಕೊನೆಯಲ್ಲಿ ಮೆಚ್ಚಿನ ಆಲ್ಬಂಗಳ ಪಟ್ಟಿ ಮಾಡುವುದು ಸಂಗೀತಪ್ರಿಯರ ವಾಡಿಕೆ. ಕನ್ನಡ ನಾಡಿನಲ್ಲಿ ಅಂಥ ಪಟ್ಟಿ ಬಹುಪಾಲು ಚಿತ್ರಗೀತೆಗಳಿಂದಲೇ ತುಂಬಿಹೋಗುತ್ತದೆ. ಚಿತ್ರರಂಗವನ್ನು ಬದಿಗಿಟ್ಟು, ಕಲಾವಿದರು ತಾವೇ ರಚಿಸಿ ತಮ್ಮದೇ ಹೆಸರಿನಲ್ಲಿ ಹೊರತಂದ ಸಂಗೀತವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ರಾಜ್ಯದ ಮಟ್ಟಿಗೆ 2012 ತುಂಬು ಫಸಲಿನ ವರ್ಷ. ಸ್ವರಾತ್ಮ, ಥರ್ಮಲ್ ಅಂಡ್ ಎ ಕ್ವಾರ್ಟರ್ ಮತ್ತು ಸಲ್ಕ್ ಸ್ಟೇಷನ್ ಎಂಬ ಬೆಂಗಳೂರಿನ ಮೂರು ತಂಡಗಳ ಆಲ್ಬಂಗಳು ಆ ಒಂದೇ ವರ್ಷ ಹೊರಬಂದವು. ಹಾಡು ಬರೆದವರ ಮತ್ತು ರಾಗ ಸಂಯೋಜಿಸಿದವರ ಹಕ್ಕನ್ನು ಗಟ್ಟಿಗೊಳಿಸಿದ ಕೃತಿಸ್ವಾಮ್ಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದೂ ಅದೇ ವರ್ಷ.

ಸ್ವತಂತ್ರ ಆಲ್ಬಂಗೆ ಚಿತ್ರಮಂದಿರವಿಲ್ಲ, ನಾಯಕನಟನಿಲ್ಲ, ಬೀದಿಯ ಗೋಡೆಗೆ ಅಂಟಿಸುವ ಪೋಸ್ಟರೂ ಇಲ್ಲ. ಕೇಳುಗರು ಹೆಸರಿಟ್ಟು ನೆನೆದರೆ ಉಂಟು, ಇಲ್ಲವಾದರೆ ಇಲ್ಲ. ಆದಕಾರಣ ಇಂಥ ಪಟ್ಟಿ ಕೇವಲ ಹವ್ಯಾಸವಲ್ಲ, ಸಂಗೀತವನ್ನು ಉಳಿಸಿಕೊಳ್ಳುವ ದಾಖಲೆಯೂ ಹೌದು.

ಆಲ್ಬಂ ಎಂದರೇನು?

ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಅರಗಿನ ಗ್ರಾಮಫೋನ್ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷಗಳ ಹಾಡು. ಇಂಥ ಹಲವು ಪ್ಲೇಟುಗಳನ್ನು ಭಾವಚಿತ್ರಗಳ ಆಲ್ಬಂನಂತೆ ಕಾಣುವ ರಟ್ಟಿನ ಪುಸ್ತಕದಲ್ಲಿ ಜೋಡಿಸಿ ಮಾರುತ್ತಿದ್ದರು. ಆ ಪುಸ್ತಕದ ಹೆಸರೇ ಮುಂದೆ ಹಾಡುಗಳ ಗುಚ್ಛಕ್ಕೆ ನಿಂತಿತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಧಾನವಾಗಿ ತಿರುಗುವ ಎಲ್‌ಪಿ ತಟ್ಟೆಯನ್ನು ತಂದ ಬಳಿಕ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಸತೊಡಗಿತು. ಹಾಡುಗಳನ್ನು ಒಂದು ಕ್ರಮದಲ್ಲಿ ಹೆಣೆದು ಇಡೀ ಕೃತಿಯಾಗಿ ಕೇಳಿಸುವ ರೂಢಿ ಬಲಗೊಂಡದ್ದು ಅಲ್ಲಿಂದ.

ಭಾರತದಲ್ಲಿ ಗ್ರಾಮಫೋನ್ ಕಂಪನಿಯ ಮುದ್ರಣ ಆರಂಭವಾದದ್ದು 1902ರಲ್ಲಿ, ಕಲ್ಕತ್ತಾದಲ್ಲಿ. ಆಗ ಹಾಡಿ ಹೆಸರಾದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಮೈಸೂರಿನಲ್ಲಿ. ಅರಮನೆಯ ಆಶ್ರಯದಲ್ಲಿದ್ದ ಅವರು 1930ರ ಜನವರಿಯಲ್ಲಿ ಅಲ್ಲಿಯೇ ನಿಧನರಾದರು.

ಪ್ಲೇಟುಗಳ ಲೋಕದೊಂದಿಗೆ ಈಗಿನ ಬಾಗಲಕೋಟೆ ಜಿಲ್ಲೆಯ ನಂಟೂ ಹಳೆಯದು. ಬಾಡಗಂಡಿ ಗ್ರಾಮವಿರುವ ತಾಲ್ಲೂಕಿನ ಕೇಂದ್ರವಾದ ಬೀಳಗಿ, ಅಮೀರಬಾಯಿ ಕರ್ನಾಟಕಿ ಹಾಗೂ ಗೋಹರಬಾಯಿ ಕರ್ನಾಟಕಿ ಸೋದರಿಯರ ಊರು. ಗೋಹರಬಾಯಿ ಮರಾಠಿ ರಂಗಭೂಮಿಯ ಮೇರುನಟ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಹಾಡಿ ನಟಿಸಿದರು. ಅಮೀರಬಾಯಿ ಮುಂಬಯಿಗೆ ಹೋಗಿ, 1943ರ ‘ಕಿಸ್ಮತ್’ ಹಿಂದಿ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಅವರು 1965ರಲ್ಲಿ ನಿಧನರಾದರು. ವಿಮರ್ಶಕ ರಹಮತ್ ತರೀಕೆರೆ ಅವರ ಕುರಿತು ಕನ್ನಡದಲ್ಲಿ ಪುಸ್ತಕವನ್ನೇ ಬರೆದಿದ್ದಾರೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತ ಬೆಳಗಿನವರೆಗೆ ನಡೆಯುವ ಆಟ. ಭಜನೆಯ ಪದಗಳಿಗೂ ಗಡಿಯಾರದ ಕಟ್ಟಿಲ್ಲ. ಇಂಥ ನೆಲದಿಂದ ಹೋದ ಕಂಠಗಳು ಮೂರು ನಿಮಿಷದ ಅಳತೆಗೆ ಒಗ್ಗಿಕೊಳ್ಳಬೇಕಾಯಿತು. ಹಾಡನ್ನು ಹೊತ್ತೊಯ್ಯುವ ಸಾಧನ ಬದಲಾದಾಗಲೆಲ್ಲ ಹಾಡಿನ ಅಳತೆಯೂ ಬದಲಾಗುತ್ತದೆ ಎಂಬುದಕ್ಕೆ ಇದು ಮೊದಲ ನಿದರ್ಶನ.

ಕ್ಯಾಸೆಟ್‌ನಿಂದ ಸಿ.ಡಿ.ಗೆ

ಕನ್ನಡದಲ್ಲಿ ಚಿತ್ರೇತರ ಸಂಗೀತಕ್ಕೆ ಮನೆಮನೆಯ ದಾರಿ ತೆರೆದದ್ದು ಕ್ಯಾಸೆಟ್. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳನ್ನು ಮೈಸೂರು ಅನಂತಸ್ವಾಮಿ ಸ್ವರಕ್ಕೆ ಅಳವಡಿಸಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದಿತು. ಅದನ್ನು ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಗುರುತಿಸಲಾಗುತ್ತದೆ. ಬಳಿಕ ಸಿ. ಅಶ್ವತ್ಥ್ ಅವರು ಶಿಶುನಾಳ ಶರೀಫರ (1819-1889) ತತ್ವಪದಗಳನ್ನು ನಗರದ ಮಧ್ಯಮವರ್ಗದ ಮನೆಗಳಿಗೆ ತಲುಪಿಸಿದರು. ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಪದಗಳಿಗೆ ಹೀಗೆ ಹೊಸ ಕೇಳುಗರು ದೊರೆತರು. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥ್ ನಡೆಸಿಕೊಟ್ಟ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಜನಸಾಗರವೇ ಹರಿದುಬಂದಿತ್ತು.

ಶರೀಫರ ಪದಗಳೇ ಮುಂದಿನ ಪೀಳಿಗೆಯ ಸೇತುವೆಯೂ ಆದವು. ಮೈಸೂರಿನ ರಘು ದೀಕ್ಷಿತ್ ಅವರನ್ನು ಹಲವು ಕಂಪನಿಗಳು ವರ್ಷಗಟ್ಟಲೆ ನಿರಾಕರಿಸಿದ್ದವು ಎಂಬುದನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಕೊನೆಗೆ 2008ರಲ್ಲಿ, ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿಯ ‘ಕೌಂಟರ್ ಕಲ್ಚರ್ ರೆಕಾರ್ಡ್ಸ್’ ಅವರ ಮೊದಲ ಆಲ್ಬಂ ಹೊರತಂದಿತು. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಪದಗಳು ಗಿಟಾರಿನೊಂದಿಗೆ ಕುಳಿತವು. 2010ರಲ್ಲಿ ಅವರ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿಯೂ ಒಲಿಯಿತು.

2012ರ ಪಟ್ಟಿಯ ಮೂರು ಆಲ್ಬಂಗಳು

ಟೋಪಿವಾಲೆ (ಸ್ವರಾತ್ಮ): ವಾಸು ದೀಕ್ಷಿತ್ ಗಾಯನದ ಈ ತಂಡ 2009ರ ತನ್ನ ಮೊದಲ ಆಲ್ಬಂನಲ್ಲಿಯೇ ಕಾವೇರಿ ವಿವಾದವನ್ನು ಹಾಡಾಗಿಸಿತ್ತು. ‘ಟೋಪಿವಾಲೆ’ ಎಂಬ ಹೆಸರೇ ಟೋಪಿ ಹಾಕುವ ರಾಜಕಾರಣದ ಮೇಲಿನ ವ್ಯಂಗ್ಯ. ಸುದ್ದಿಯ ಹಸಿವು, ಮಕ್ಕಳ ಮೇಲಿನ ದೌರ್ಜನ್ಯ ಮುಂತಾದ ಚಿತ್ರಗೀತೆ ಮುಟ್ಟದ ವಿಷಯಗಳೂ ಇಲ್ಲಿವೆ. ಶಂಕರ್-ಎಹಸಾನ್-ಲಾಯ್ ತ್ರಯದ ಲಾಯ್ ಮೆಂಡೋನ್ಸಾ ಇದರ ನಿರ್ಮಾಣದ ಹೊಣೆ ಹೊತ್ತರು. ಬಣ್ಣಬಣ್ಣದ ವೇಷ ತೊಟ್ಟು ವೇದಿಕೆ ಏರುವ ತಂಡದ ಜಾನಪದ ಉತ್ಸಾಹವೂ ರಾಕ್ ಸಂಗೀತದ ಬಿಗಿಯೂ ಇದರಲ್ಲಿ ಒಟ್ಟಿಗಿವೆ.

ತ್ರೀ ವೀಲ್ಸ್ ನೈನ್ ಲೈವ್ಸ್ (ಥರ್ಮಲ್ ಅಂಡ್ ಎ ಕ್ವಾರ್ಟರ್): 1996ರಲ್ಲಿ ಆರಂಭವಾದ ಈ ತಂಡದ್ದು ಇಂಗ್ಲಿಷ್ ಹಾಡುಗಳ ರಾಕ್. ಗಾಯಕ ಹಾಗೂ ಗಿಟಾರ್ ವಾದಕ ಬ್ರೂಸ್ ಲೀ ಮಣಿ ತಂಡದ ಮುಖ. ಮೂರು ಚಕ್ರದ ಆಟೊ ರಿಕ್ಷಾವನ್ನು ನೆನಪಿಸುವ ಹೆಸರಿನ ಈ ಆಲ್ಬಂ ಮೂರು ಡಿಸ್ಕುಗಳ ದೊಡ್ಡ ಗಂಟು. ಕೇಳುಗರು ಒಂದೊಂದೇ ಹಾಡನ್ನು ಆಯ್ದುಕೊಳ್ಳಲು ತೊಡಗಿದ್ದ ಕಾಲದಲ್ಲಿ ಮೂರು ಡಿಸ್ಕುಗಳ ಕೃತಿ ಹೊರತರುವುದು ಸಾಹಸವೇ ಸರಿ. ಬೆಂಗಳೂರಿನ ಸಂಗೀತವೆಂದು ತನ್ನನ್ನು ಕರೆದುಕೊಂಡ ತಂಡವೊಂದು ತನ್ನ ಊರಿಗೆ ಬರೆದ ಉದ್ದನೆಯ ಪತ್ರವೆಂದು ಇದನ್ನು ಓದಿಕೊಳ್ಳಬಹುದು.

ಟಿಲ್ ಯೂ ಅಪಿಯರ್ (ಸಲ್ಕ್ ಸ್ಟೇಷನ್): ತನ್ವಿ ರಾವ್ ಮತ್ತು ರಾಹುಲ್ ಗಿರಿ ಇಬ್ಬರೇ ಇರುವ ಜೋಡಿ. ಹಿಂದೂಸ್ತಾನಿ ಶಿಕ್ಷಣ ಪಡೆದ ಕಂಠ, ನಿಧಾನಗತಿಯ ಲಯ, ಕಂಪ್ಯೂಟರಿನಲ್ಲಿ ಕಟ್ಟಿದ ಧ್ವನಿಪದರಗಳು ಇದರ ಬಂಡವಾಳ. ಇಲ್ಲಿ ಕುಣಿತದ ಅಬ್ಬರವಿಲ್ಲ. ಇರುಳಿನಲ್ಲಿ ಒಬ್ಬಂಟಿಯಾಗಿ ಕೇಳುವ ಸಂಗೀತ ಇದು. ಎಲೆಕ್ಟ್ರಾನಿಕ್ ಎಂದರೆ ಡಿಸ್ಕೊ ಎಂದಷ್ಟೇ ತಿಳಿದವರಿಗೆ ಈ ಆಲ್ಬಂ ಒಳ್ಳೆಯ ಪ್ರವೇಶ.

ಎಲೆಕ್ಟ್ರಾನಿಕ್ ಸಂಗೀತ ಪರಕೀಯವೇ?

ತಂತಿ, ಚರ್ಮ, ಕೊಳಲುಗಳ ಬದಲು ವಿದ್ಯುತ್ ಸಂಕೇತಗಳಿಂದಲೇ ಹುಟ್ಟುವ ನಾದವನ್ನು ಆಧರಿಸಿದ್ದು ಎಲೆಕ್ಟ್ರಾನಿಕ್ ಸಂಗೀತ. ಸಿಂಥಸೈಜರ್, ಡ್ರಮ್ ಮಷಿನ್, ಇತ್ತೀಚೆಗೆ ಕಂಪ್ಯೂಟರ್ ಇದರ ವಾದ್ಯಗಳು. ಇದು ಹೊರಗಿನಿಂದ ಬಂದ ಸರಕು ಎಂಬ ಭಾವನೆ ಸಾಮಾನ್ಯ. ಆದರೆ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಸಂಸ್ಥೆ 1979ರಲ್ಲಿಯೇ ಎಲೆಕ್ಟ್ರಾನಿಕ್ ತಂಬೂರವನ್ನು ರೂಪಿಸಿತ್ತು. ಶಾಸ್ತ್ರೀಯ ಕಛೇರಿಯಲ್ಲಿ, ಸಂಗೀತ ಪಾಠದ ಕೋಣೆಯಲ್ಲಿ ಶ್ರುತಿ ಹಿಡಿಯುವ ಆ ಪುಟ್ಟ ಪೆಟ್ಟಿಗೆಯನ್ನು ಇಂದು ಯಾರೂ ಪರಕೀಯ ಎನ್ನುವುದಿಲ್ಲ.

ಮುಂಬಯಿಯ ಚರಣ್‌ಜಿತ್ ಸಿಂಗ್ ಅವರ ಕಥೆ ಇನ್ನೂ ಪಾಠದಾಯಕ. ಚಿತ್ರಗೀತೆಗಳಿಗೆ ವಾದ್ಯ ನುಡಿಸುತ್ತಿದ್ದ ಅವರು 1982ರಲ್ಲಿ ಜಪಾನಿನ ರೋಲೆಂಡ್ ಯಂತ್ರಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ನುಡಿಸಿ ಎಲ್‌ಪಿ ಹೊರತಂದರು. ಆಗ ಅದನ್ನು ಕೇಳಿದವರು ಕಡಿಮೆ. ಅದೇ ಬಗೆಯ ಯಂತ್ರಗಳಿಂದ ಅಮೆರಿಕದ ಷಿಕಾಗೊದಲ್ಲಿ ‘ಆಸಿಡ್ ಹೌಸ್’ ಎಂಬ ಪ್ರಕಾರ ಹುಟ್ಟಿದ್ದು ಅದಕ್ಕಿಂತ ಕೆಲವು ವರ್ಷಗಳ ಬಳಿಕ. ಹಳೆಯ ಪ್ಲೇಟುಗಳನ್ನು ಹುಡುಕುವ ಡಚ್ ಸಂಗ್ರಾಹಕರೊಬ್ಬರ ಕೈಗೆ ಸಿಕ್ಕ ಸಿಂಗ್ ಅವರ ಎಲ್‌ಪಿ 2010ರಲ್ಲಿ ಮರುಬಿಡುಗಡೆಯಾಯಿತು. ಕೃತಿ ಉಳಿದದ್ದು ಒಬ್ಬ ಕೇಳುಗನ ಹುಡುಕಾಟದಿಂದ.

ಕನ್ನಡಕ್ಕೆ ಎಷ್ಟು ಜಾಗ?

2012ರ ಈ ಪಟ್ಟಿಯಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಮೂರೂ ತಂಡಗಳು ಬೆಂಗಳೂರಿನವು. ಆದರೆ ಹಾಡುಗಳಲ್ಲಿ ಹಿಂದಿ, ಇಂಗ್ಲಿಷಿನದೇ ಮೇಲುಗೈ. ಸ್ವತಂತ್ರ ತಂಡಗಳ ಆದಾಯದ ಮುಖ್ಯ ಮೂಲ ಧ್ವನಿಮುದ್ರಿಕೆಯಲ್ಲ, ವೇದಿಕೆ. ದೇಶದ ನಾನಾ ನಗರಗಳ ಉತ್ಸವಗಳು, ಕಾಲೇಜು ಮೇಳಗಳು, ಕ್ಲಬ್ಬುಗಳಲ್ಲಿ ಅವು ಹಾಡಬೇಕು. ಆ ಸುತ್ತಾಟದಲ್ಲಿ ಎಲ್ಲ ಕಡೆ ನಡೆಯುವ ನಾಣ್ಯ ಹಿಂದಿ ಮತ್ತು ಇಂಗ್ಲಿಷ್. ಆದರೂ ಲಂಡನ್ನಿನ ವೇದಿಕೆಯ ಮೇಲೂ ಶರೀಫರ ಪದ ಸಲ್ಲುತ್ತದೆ ಎಂಬುದನ್ನು ರಘು ದೀಕ್ಷಿತ್ ತೋರಿಸಿಕೊಟ್ಟಿದ್ದರು. ಸ್ವರಾತ್ಮದ ಮೊದಲ ಆಲ್ಬಂನಲ್ಲಿಯೂ ‘ಈ ಭೂಮಿ’ ಎಂಬ ಕನ್ನಡ ಹಾಡಿತ್ತು. ಭಾಷೆ ತೊಡಕಲ್ಲ ಎಂಬುದಕ್ಕೆ ಸಾಕ್ಷಿ ಇದೆ. ಬೇಕಾದದ್ದು ಕನ್ನಡದ ಸ್ವತಂತ್ರ ಸಂಗೀತಕ್ಕೆ ಚೀಟಿ ಕೊಂಡು ಬರುವ ಕೇಳುಗರು ಮತ್ತು ಬೆಂಗಳೂರಿನಾಚೆಯ ವೇದಿಕೆಗಳು.

ಹಕ್ಕು ಯಾರದು?

ಕೃತಿಸ್ವಾಮ್ಯ ತಿದ್ದುಪಡಿ ಕಾಯ್ದೆ 2012ರ ಜೂನ್ 21ರಂದು ಜಾರಿಗೆ ಬಂದಿತು. ಅದಕ್ಕೂ ಮುನ್ನ ಸಾಹಿತಿ, ಸಂಗೀತ ಸಂಯೋಜಕರು ಒಮ್ಮೆ ಸಹಿ ಹಾಕಿ ಎಲ್ಲ ಹಕ್ಕನ್ನೂ ನಿರ್ಮಾಪಕರಿಗೆ ಅಥವಾ ಕಂಪನಿಗೆ ಬಿಟ್ಟುಕೊಡುವುದು ರೂಢಿಯಾಗಿತ್ತು. ತಿದ್ದುಪಡಿಯ ಪ್ರಕಾರ, ಹಾಡು ಬಳಕೆಯಾದಾಗ ಬರಬೇಕಾದ ರಾಯಧನದ ಸಮಪಾಲನ್ನು ಅವರು ಬರೆದುಕೊಟ್ಟು ಕಳೆದುಕೊಳ್ಳುವಂತಿಲ್ಲ. ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಅದನ್ನು ವಹಿಸಬಹುದು.

ಧ್ವನಿಮುದ್ರಣದ ಹಕ್ಕು ಬೇರೆ. ಭಾರತದಲ್ಲಿ ಅದು ಬಿಡುಗಡೆಯ ಮರುವರ್ಷದಿಂದ 60 ವರ್ಷ ಇರುತ್ತದೆ. 1943ರಲ್ಲಿ ಹೊರಬಂದ ಮುದ್ರಣದ ಹಕ್ಕು 2003ರ ಕೊನೆಗೆ ಮುಗಿದಿದೆ. ಆದರೆ ಸಾಹಿತ್ಯ ಮತ್ತು ಸಂಗೀತ ರಚನೆಯ ಹಕ್ಕು ರಚಿಸಿದವರ ಮರಣಾನಂತರ 60 ವರ್ಷ ಮುಂದುವರಿಯುತ್ತದೆ. ಹಳೆಯ ಹಾಡುಗಳನ್ನು ಹೊಸ ಆಲ್ಬಂಗೆ ಬಳಸುವವರು ಈ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಉಳಿಯುವುದು ಯಾವುದು?

ಅರಗಿನ ಪ್ಲೇಟು ಕೈಜಾರಿದರೆ ಒಡೆಯುತ್ತದೆ. ಆದರೂ ಎಂಟು ದಶಕ ದಾಟಿದ ಪ್ಲೇಟುಗಳು ಸಂಗ್ರಾಹಕರ ಕಪಾಟಿನಲ್ಲಿವೆ. ಬೆಂಗಳೂರಿನ ಇತಿಹಾಸಕಾರ ವಿಕ್ರಮ್ ಸಂಪತ್ ಆರಂಭಿಸಿದ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಅಂಥ ಪ್ಲೇಟುಗಳನ್ನು ಡಿಜಿಟಲ್ ರೂಪಕ್ಕೆ ತಂದಿತು.

ಎಂದಿಗೂ ಅಳಿಯದು ಎನಿಸಿದ ಡಿಜಿಟಲ್ ಸಂಗೀತದ ಸ್ಥಿತಿ ಬೇರೆಯೇ. ಒಂದು ಕಾಲಕ್ಕೆ ಜಗತ್ತಿನ ಸ್ವತಂತ್ರ ತಂಡಗಳ ಮುಖ್ಯ ತಾಣವಾಗಿದ್ದ ಮೈಸ್ಪೇಸ್, ಸರ್ವರ್ ಬದಲಾವಣೆಯ ವೇಳೆ 2015ಕ್ಕೂ ಮುಂಚಿನ ಹಾಡುಗಳು ನಾಶವಾದವೆಂದು 2019ರಲ್ಲಿ ಒಪ್ಪಿಕೊಂಡಿತು. ಕಳೆದುಹೋದ ಹಾಡುಗಳ ಸಂಖ್ಯೆ ಸುಮಾರು 5 ಕೋಟಿ ಎಂದು ಅಂದಾಜಿಸಲಾಗಿತ್ತು. ತಿಂಗಳ ಚಂದಾ ಕಟ್ಟಿ ಕೇಳುವ ಸೇವೆಗಳಲ್ಲಿಯೂ ಹಾಡು ಕೇಳುಗರ ಸ್ವತ್ತಲ್ಲ. ಒಪ್ಪಂದ ಮುಗಿದರೆ ಅದು ಸದ್ದಿಲ್ಲದೆ ಮರೆಯಾಗಬಹುದು.

ಪಟ್ಟಿ ಮಾಡುವವರಿಗೆ

ಹೀಗಿರುವಾಗ ಸಾಮಾನ್ಯ ಕೇಳುಗರ ಪಟ್ಟಿಗೂ ಬೆಲೆಯಿದೆ. ಆಲ್ಬಂ ಹೆಸರಿನ ಜೊತೆಗೆ ಬಿಡುಗಡೆಯಾದ ವರ್ಷ, ಹೊರತಂದವರು, ಹಾಡು ಬರೆದವರು, ವಾದ್ಯ ನುಡಿಸಿದವರು, ಧ್ವನಿಮುದ್ರಣ ಮಾಡಿದವರು ಹಾಗೂ ಭಾಷೆಯನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಪ್ಲೇಟಿನ ಚೀಟಿಯ ಮೇಲೆ, ಕ್ಯಾಸೆಟ್ಟಿನ ಒಳಹಾಳೆಯಲ್ಲಿ ಅಚ್ಚಾಗುತ್ತಿದ್ದ ಇಂಥ ವಿವರಗಳು ಮೊಬೈಲ್ ತೆರೆಯ ಮೇಲೆ ಅನೇಕ ಬಾರಿ ಕಾಣುವುದೇ ಇಲ್ಲ. ಮೆಚ್ಚಿದ ಆಲ್ಬಂನ ಒಂದು ಪ್ರತಿಯನ್ನು ಹಣ ಕೊಟ್ಟು ಕೊಂಡು ಇಟ್ಟುಕೊಳ್ಳುವುದು ಕಲಾವಿದರಿಗೂ ನೆರವು, ಕೃತಿಗೂ ರಕ್ಷೆ. ಕಲಾವಿದರೇ ಬೆಲೆ ನಿಗದಿ ಮಾಡಿ ಹಾಡು ಮಾರಬಹುದಾದ ಬ್ಯಾಂಡ್‌ಕ್ಯಾಂಪ್‌ನಂಥ ತಾಣಗಳು 2008ರಿಂದ ಇವೆ. ಇಡೀ ಆಲ್ಬಂ ಅನ್ನು ಒಮ್ಮೆಯಾದರೂ ಮೊದಲಿನಿಂದ ಕೊನೆಯವರೆಗೆ, ಅದರ ಕ್ರಮದಲ್ಲಿಯೇ ಕೇಳುವುದು ಕೇಳುಗರ ಕಡೆಯಿಂದ ಸಲ್ಲಬೇಕಾದ ಮರ್ಯಾದೆ.

ಬೀಳಗಿಯ ಸೋದರಿಯರ ಕಂಠ ಇಂದಿಗೂ ಕೇಳಸಿಗುವುದು ಯಾರೋ ಒಬ್ಬರು ಪ್ಲೇಟನ್ನು ಒರೆಸಿ, ಹೆಸರು ಬರೆದು, ಜೋಪಾನವಾಗಿ ಎತ್ತಿಟ್ಟಿದ್ದರಿಂದ. 2012ರ ಫಸಲಿಗೂ, ಅದರ ಮುಂದಿನ ಪ್ರತಿವರ್ಷದ ಫಸಲಿಗೂ ಬೇಕಾಗಿರುವುದು ಅಂಥದೇ ಕೈಗಳು.