ಲಾಂಗ್‌ಹಾರ್ನ್ ಲೀಗ್: ಎಣ್ಣೆ ಬಾವಿಗಳ ನಾಡಿನ ಬೇಸ್‌ಬಾಲ್

ಲಾಂಗ್‌ಹಾರ್ನ್ ಲೀಗ್ ಅಮೆರಿಕದ ಪಶ್ಚಿಮ ಟೆಕ್ಸಾಸಿನಲ್ಲಿ 1947ರಲ್ಲಿ ಹುಟ್ಟಿ, ಒಂಬತ್ತು ವರ್ಷ ನಡೆದ ವೃತ್ತಿಪರ ಬೇಸ್‌ಬಾಲ್ ಲೀಗ್. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಊರಿಗೆ ಮರಳಿದ ಮೇಲೆ ಆ ದೇಶದಲ್ಲಿ ಬೇಸ್‌ಬಾಲಿನ ಹುಚ್ಚು ಏರಿತ್ತು. ಮೇಜರ್ ಲೀಗಿನ ಕೆಳಗಿನ ಹಂತದವಾದ ಮೈನರ್ ಲೀಗುಗಳ ಸಂಖ್ಯೆ 1949ರ ಹೊತ್ತಿಗೆ 59ಕ್ಕೆ ಮುಟ್ಟಿತು. ಲಾಂಗ್‌ಹಾರ್ನ್ ಶುರುವಾದದ್ದು ಅವುಗಳಲ್ಲಿ ತೀರಾ ಕೆಳಗಿನದಾದ ‘ಡಿ’ ದರ್ಜೆಯಲ್ಲಿ; 1951ರಲ್ಲಿ ಅದಕ್ಕೆ ‘ಸಿ’ ದರ್ಜೆ ಸಿಕ್ಕಿತು.

ಮೊದಲ ವರ್ಷ ಆಡಿದ್ದು ಆರು ಊರುಗಳು: ಬಿಗ್ ಸ್ಪ್ರಿಂಗ್, ಒಡೆಸಾ, ಮಿಡ್‌ಲ್ಯಾಂಡ್, ಸ್ವೀಟ್‌ವಾಟರ್, ಬ್ಯಾಲಿಂಜರ್ ಮತ್ತು ವರ್ನನ್. ಮುಂದೆ ನ್ಯೂ ಮೆಕ್ಸಿಕೊ ರಾಜ್ಯದ ರಾಸ್‌ವೆಲ್, ಆರ್ಟೀಸಿಯಾ, ಕಾರ್ಲ್ಸ್‌ಬ್ಯಾಡ್ ಊರುಗಳೂ ಸೇರಿಕೊಂಡವು. ಊರಿನ ಕಸುಬೇ ಹಲವು ತಂಡಗಳ ಹೆಸರಾಯಿತು. ಒಡೆಸಾದ ತಂಡ ಆಯಿಲರ್ಸ್, ಎಣ್ಣೆ ಬಾವಿ ಕೊರೆಯುವ ಆರ್ಟೀಸಿಯಾದ್ದು ಡ್ರಿಲ್ಲರ್ಸ್, ಪೊಟ್ಯಾಶ್ ಗಣಿಗಳಿದ್ದ ಕಾರ್ಲ್ಸ್‌ಬ್ಯಾಡಿನದು ಪೊಟ್ಯಾಶರ್ಸ್. ಬಿಗ್ ಸ್ಪ್ರಿಂಗ್ ತಂಡದಲ್ಲಿ ಕ್ಯೂಬಾದಿಂದ ಬಂದ ಆಟಗಾರರು ಬಹಳ ಮಂದಿ ಇದ್ದರು.

ಈ ಊರುಗಳಲ್ಲಿ ಆಟಗಾರರ ಸಂಬಳ ಕಡಿಮೆ. ಆ ಕೊರತೆಯನ್ನು ಪ್ರೇಕ್ಷಕರೇ ಒಂದಿಷ್ಟು ತುಂಬಿಕೊಡುತ್ತಿದ್ದರು. ಹೋಮ್ ರನ್ ಹೊಡೆದವನು, ಎಂದರೆ ಚೆಂಡನ್ನು ಮೈದಾನದ ಬೇಲಿಯಾಚೆ ಕಳಿಸಿದವನು, ಓಟ ಮುಗಿಸಿ ಪ್ರೇಕ್ಷಕರ ಮುಂದಿನ ತಂತಿ ಬಲೆಯ ಬಳಿ ನಡೆದುಹೋಗುತ್ತಿದ್ದ. ಜನ ಡಾಲರ್ ನೋಟುಗಳನ್ನು ಸುರುಳಿ ಸುತ್ತಿ ಬಲೆಯ ಕಣ್ಣುಗಳಲ್ಲಿ ತೂರಿಸುತ್ತಿದ್ದರು. ಒಳ್ಳೆಯ ಹೊಡೆತಗಾರನಿಗೆ ಈ ‘ಬೇಲಿ ದುಡ್ಡು’ ಸಂಬಳದಷ್ಟೇ ಮುಖ್ಯವಾಗಿತ್ತು.

ಲೀಗಿನ ಹೆಸರು ಉಳಿಸಿದ ಜೋ ಬೌಮನ್‌ ಕೈಗೂ ಈ ದುಡ್ಡು ಧಾರಾಳವಾಗಿ ಬಂತು. 1922ರಲ್ಲಿ ಒಕ್ಲಹೋಮಾದಲ್ಲಿ ಹುಟ್ಟಿದ ಈ ಎಡಗೈ ಬ್ಯಾಟರ್ ಮೇಜರ್ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ವೃತ್ತಿಪರ ಬೇಸ್‌ಬಾಲ್ ಬಿಟ್ಟು, ಪೆಟ್ರೋಲ್ ಬಂಕ್ ನಡೆಸುತ್ತ ಸ್ಥಳೀಯ ತಂಡಕ್ಕೆ ಆಡಿಕೊಂಡಿದ್ದ. 1952ರಲ್ಲಿ ಆರ್ಟೀಸಿಯಾ ತಂಡ ಸೇರಿ ಆ ವರ್ಷ 50, ಮರುವರ್ಷ 53 ಹೋಮ್ ರನ್ ಹೊಡೆದ. 1954ರಲ್ಲಿ ರಾಸ್‌ವೆಲ್ ರಾಕೆಟ್ಸ್ ಸೇರಿದ. ಸಮುದ್ರಮಟ್ಟಕ್ಕಿಂತ ಸುಮಾರು 3,500 ಅಡಿ ಎತ್ತರದಲ್ಲಿರುವ ರಾಸ್‌ವೆಲ್ಲಿನ ತೆಳು, ಒಣ ಗಾಳಿಯಲ್ಲಿ ಚೆಂಡು ದೂರ ಹಾರುತ್ತಿತ್ತು. ಆದರೂ ಅದೇ ಗಾಳಿಯಲ್ಲಿ ಆಡಿದ ಬೇರೆ ಯಾರೂ ಅವನ ಹತ್ತಿರ ಬರಲಿಲ್ಲ.

ಆ ಋತುವಿನ ಕೊನೆಯ ದಿನ, ಸೆಪ್ಟೆಂಬರ್ 5ರಂದು, ಆರ್ಟೀಸಿಯಾದಲ್ಲಿ ಎರಡು ಪಂದ್ಯಗಳಿದ್ದವು. ಬೌಮನ್‌ ಖಾತೆಯಲ್ಲಿ ಆಗ 69 ಹೋಮ್ ರನ್‌ಗಳಿದ್ದವು. ಜೋ ಹೌಸರ್ ಮತ್ತು ಬಾಬ್ ಕ್ರೂಸ್‌ ಹಂಚಿಕೊಂಡಿದ್ದ ದಾಖಲೆಯೂ ಅಷ್ಟೇ. ಮೊದಲ ಪಂದ್ಯದಲ್ಲಿ 70ನೆಯದು, ಎರಡನೆಯದರಲ್ಲಿ ಇನ್ನೆರಡು ಬಂದು ಲೆಕ್ಕ 72ಕ್ಕೆ ನಿಂತಿತು. 138 ಪಂದ್ಯಗಳಲ್ಲಿ ಅವನ ಬ್ಯಾಟಿಂಗ್ ಸರಾಸರಿ .400.

ಅಷ್ಟರಲ್ಲಿ ಲೀಗಿನ ಕಾಲ ಮುಗಿಯುತ್ತ ಬಂದಿತ್ತು. ಟಿವಿ ಮತ್ತು ಏರ್ ಕಂಡೀಷನರ್‌ಗಳು ಜನರನ್ನು ಸಂಜೆ ಮನೆಯಲ್ಲೇ ಕೂರಿಸಿದವು. ದೇಶದುದ್ದಕ್ಕೂ ಮೈನರ್ ಲೀಗುಗಳು ಒಂದೊಂದಾಗಿ ಮುಚ್ಚತೊಡಗಿದವು. 1955ರ ಋತುವೇ ಲಾಂಗ್‌ಹಾರ್ನ್ ಹೆಸರಿನಲ್ಲಿ ನಡೆದ ಕೊನೆಯದು. 1956ರಲ್ಲಿ ಅದು ಸೌತ್‌ವೆಸ್ಟರ್ನ್ ಲೀಗ್ ಆಯಿತು. ಆ ಲೀಗೂ 1957ರ ಆಚೆ ನಡೆಯಲಿಲ್ಲ.

ಬೌಮನ್‌ ದಾಖಲೆ ಅಮೆರಿಕದ ವೃತ್ತಿಪರ ಬೇಸ್‌ಬಾಲಿನಲ್ಲಿ 47 ವರ್ಷ ಉಳಿಯಿತು. 2001ರಲ್ಲಿ ಬ್ಯಾರಿ ಬಾಂಡ್ಸ್ ಮೇಜರ್ ಲೀಗಿನಲ್ಲಿ 73 ಹೊಡೆದು ಅದನ್ನು ದಾಟಿದ. ಮೈನರ್ ಲೀಗಿನಲ್ಲಿ ಇಂದಿಗೂ 72ನ್ನು ಯಾರೂ ಮೀರಿಲ್ಲ. ಅಲ್ಲಿ ವರ್ಷಕ್ಕೆ ಅತಿ ಹೆಚ್ಚು ಹೋಮ್ ರನ್ ಹೊಡೆದವನಿಗೆ ಕೊಡುವ ಪ್ರಶಸ್ತಿಗೂ ಜೋ ಬೌಮನ್‌ ಹೆಸರನ್ನೇ ಇಡಲಾಗಿದೆ.