ವೆಬ್ ಪುಟಗಳ ಕಂಪ್ರೆಷನ್

ವೆಬ್ ಪುಟದ ಕಡತವನ್ನು ಸರ್ವರಿನಲ್ಲಿ ಕುಗ್ಗಿಸಿ ಕಳಿಸಿ, ಓದುಗರ ಬ್ರೌಸರಿನಲ್ಲಿ ಒಂದಕ್ಷರವೂ ತಪ್ಪದಂತೆ ಮೊದಲಿನ ರೂಪಕ್ಕೆ ತರುವ ವಿಧಾನ. ಇದರ ಮೂಲ ವೆಬ್‌ಗಿಂತ ಹಳೆಯದು. ಹೆಚ್ಚು ಬಳಕೆಯ ಚಿಹ್ನೆಗೆ ಚಿಕ್ಕ ಸಂಕೇತ ಕೊಡುವ ಕ್ರಮವನ್ನು ಡೇವಿಡ್ ಹಫ್‌ಮನ್ 1952ರಲ್ಲಿ ಪ್ರಕಟಿಸಿದರು. ಒಮ್ಮೆ ಬಂದ ಅಕ್ಷರಸಾಲು ಮರುಕಳಿಸಿದರೆ ಅದನ್ನು ಪುನಃ ಬರೆಯದೆ, ಎಷ್ಟು ಹಿಂದೆ ಹೋಗಿ ಎಷ್ಟು ಅಕ್ಷರ ತೆಗೆದುಕೊಳ್ಳಬೇಕೆಂದು ಮಾತ್ರ ಸೂಚಿಸುವ ಉಪಾಯವನ್ನು ಇಸ್ರೇಲಿನ ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಝಿವ್ 1977ರಲ್ಲಿ ಕೊಟ್ಟರು. ಇವೆರಡನ್ನೂ ಬೆಸೆದ ‘ಡಿಫ್ಲೇಟ್’ ಫಿಲ್ ಕಾಟ್ಜ್ ಅವರದು.

ಯುನಿಕ್ಸ್‌ನಲ್ಲಿ ಆಗ ಚಾಲ್ತಿಯಲ್ಲಿದ್ದ ‘ಕಂಪ್ರೆಸ್’ ತಂತ್ರಾಂಶಕ್ಕೆ ಪೇಟೆಂಟಿನ ತೊಡಕಿತ್ತು. ಅದಕ್ಕೆ ಬದಲಾಗಿ ಝಾನ್-ಲೂ ಗೈಲಿ ಮತ್ತು ಮಾರ್ಕ್ ಆಡ್ಲರ್ 1992ರಲ್ಲಿ ಡಿಫ್ಲೇಟನ್ನು ಬಳಸುವ, ಮುಕ್ತವಾದ ‘ಜಿಝಿಪ್’ ಹೊರತಂದರು. ಯಾರೂ ಹಣ ತೆರದೆ ಬಳಸಬಹುದಾಗಿದ್ದರಿಂದಲೇ ಅದು ವೆಬ್‌ನ ಸಾಮಾನ್ಯ ಸ್ವತ್ತಾಯಿತು.

ಕಂಪ್ರೆಷನ್ನಿನಿಂದಾಗುವ ಲಾಭವನ್ನು ಅಳೆದು ತೋರಿಸಿದ್ದು ವೆಬ್‌ನ ಮಾನಕ ಸಂಸ್ಥೆ ಡಬ್ಲ್ಯು3ಸಿ 1997ರಲ್ಲಿ ನಡೆಸಿದ ಪರೀಕ್ಷೆ. ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್‌ಗಳ ಮುಖಪುಟಗಳನ್ನು ಸೇರಿಸಿ ಮಾಡಿದ ಮಾದರಿ ಪುಟದಲ್ಲಿ 42 ಕಿಲೋಬೈಟ್ ಎಚ್‌ಟಿಎಂಎಲ್ ಇತ್ತು. ಡಿಫ್ಲೇಟ್ ಅದನ್ನು 11ಕ್ಕೆ ಇಳಿಸಿತು. 28.8 ಕಿಲೋಬಿಟ್ ಮೋಡೆಮಿನ ಲೆಕ್ಕದಲ್ಲಿ ಸುಮಾರು 12 ಸೆಕೆಂಡಿನ ಕಾಯುವಿಕೆ ಮೂರಕ್ಕೆ ಇಳಿದಂತೆ. ಆದರೆ ಅದೇ ಪುಟದ 42 ಜಿಫ್ ಚಿತ್ರಗಳು 125 ಕಿಲೋಬೈಟ್ ತೂಗುತ್ತಿದ್ದವು. ಅವುಗಳಲ್ಲಿ ಅನೇಕವು ಬರಿಯ ಅಕ್ಷರಗಳ ಚಿತ್ರ. ಅಂಥವನ್ನು ತೆಗೆದುಹಾಕಿ ಸ್ಟೈಲ್‌ಶೀಟಿನಿಂದಲೇ ಅದೇ ಅಂದ ತರಬಹುದೆಂದೂ ಅಧ್ಯಯನ ತೋರಿಸಿತು. ಇಂದಿಗೂ ಪುಟ ಕಟ್ಟುವವರು ಮೊದಲು ಓದಬೇಕಾದ ಭಾಗವಿದು: ಬೇಡದ್ದನ್ನು ಕುಗ್ಗಿಸುವುದಕ್ಕಿಂತ ಕಳಿಸದಿರುವುದು ಮೇಲು.

2015ರಲ್ಲಿ ಗೂಗಲ್ ಬಿಡುಗಡೆ ಮಾಡಿದ ‘ಬ್ರಾಟ್ಲಿ’ ಎಂಬ ಕಂಪ್ರೆಷನ್ ಕ್ರಮ ತನ್ನೊಳಗೇ ಒಂದು ಪದಕೋಶ ಇಟ್ಟುಕೊಂಡಿದೆ. ಇಂಗ್ಲಿಷ್, ಚೀನೀ, ಅರಬ್ಬಿ, ಹಿಂದಿ ಮೊದಲಾದ ಭಾಷೆಗಳ ಪದಗಳು ಅದರಲ್ಲಿವೆ, ಕನ್ನಡದವು ಇಲ್ಲ.

ಕನ್ನಡಕ್ಕೆ ಈ ವಿಷಯ ದೂರದ್ದಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ‘ಕರ್ನಾಟಕ’ ಎಂದು ಬರೆದರೆ 21 ಬೈಟ್. ಆದರೆ ಆ ಮೂರರಲ್ಲಿ ಮೊದಲ ಬೈಟ್ ಎಲ್ಲ ಕನ್ನಡ ಅಕ್ಷರಗಳಿಗೂ ಒಂದೇ, ಎರಡನೆಯದಕ್ಕೆ ಇರುವುದು ಎರಡೇ ಬೆಲೆ. ಇಂಥ ಪುನರಾವರ್ತನೆಯೇ ಕಂಪ್ರೆಷನ್ನಿಗೆ ಬೇಕಾದ ಕಚ್ಚಾವಸ್ತು. ಹೀಗಾಗಿ ಕನ್ನಡದ ದೀರ್ಘ ಲೇಖನಗಳು ಚೆನ್ನಾಗಿಯೇ ಕುಗ್ಗುತ್ತವೆ. ಸಿದ್ಧ ಪದಕೋಶದ ನೆರವು ಹೆಚ್ಚು ಬೇಕಾಗುವುದು ನಾಲ್ಕು ಸಾಲಿನ ಸುದ್ದಿಯಂಥ ಚಿಕ್ಕ ಪಠ್ಯಗಳಿಗೆ, ಅಲ್ಲಿ ಮಾತ್ರ ಕನ್ನಡಕ್ಕೆ ಆ ಅನುಕೂಲ ಸಿಗುವುದಿಲ್ಲ.