ಜೇಡಿಮಣ್ಣು, ಕಲ್ಲು, ಚೂರುಗಳು: ಬರ್ಲಿನ್ನಿನ ಒಂದು ಹಾಡುತಂಡ

ಎರಡನೆಯ ಮಹಾಯುದ್ಧ ಮುಗಿದು ಇಪ್ಪತ್ತು ವರ್ಷ ಕಳೆದರೂ ಜರ್ಮನಿಯ ಅನೇಕ ಯುವಕರಿಗೆ ತಮ್ಮದೇ ಭಾಷೆಯಲ್ಲಿ ಗಟ್ಟಿಯಾಗಿ ಹಾಡಲು ಸಂಕೋಚವಿತ್ತು. ಹಿಟ್ಲರನ ಕಾಲದ ಕವಾಯತು ಗೀತೆಗಳು ಆ ಭಾಷೆಗೆ ಮೆತ್ತಿದ್ದ ಕೊಳೆ ಇನ್ನೂ ಹೋಗಿರಲಿಲ್ಲ. ರೇಡಿಯೋದಲ್ಲಿ ಬರುತ್ತಿದ್ದ ಜರ್ಮನ್ ಹಾಡುಗಳೋ, ಹಿರಿಯರಿಗೆ ಪ್ರಿಯವಾದ, ಸಕ್ಕರೆ ಹೆಚ್ಚಾದ ಪ್ರೇಮಗೀತೆಗಳು. ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಕೇಳಿ ಗಿಟಾರ್ ಹಿಡಿದ ಹುಡುಗರು ಇಂಗ್ಲಿಷಿನಲ್ಲೇ ಹಾಡುತ್ತಿದ್ದರು. ಮುಂದೆ ಜರ್ಮನ್ ರಾಕ್ ಸಂಗೀತದ ದೊಡ್ಡ ಹೆಸರಾದ ಊಡೊ ಲಿಂಡೆನ್‌ಬರ್ಗ್ ಕೂಡ 1971ರಲ್ಲಿ ತನ್ನ ಮೊದಲ ಧ್ವನಿಮುದ್ರಿಕೆಯನ್ನು ತಂದದ್ದು ಇಂಗ್ಲಿಷಿನಲ್ಲಿ. ಮನೆಗೊಂದು ಭಾಷೆ, ವೇದಿಕೆಗೆ ಇನ್ನೊಂದು ಎಂಬ ಈ ಸ್ಥಿತಿ ಎರಡು ಮೂರು ಭಾಷೆಗಳ ನಡುವೆ ಬೆಳೆದ ನಮ್ಮಂಥವರಿಗೆ ಹೊಸದೇನಲ್ಲ.

ಈ ಸಂಕೋಚವನ್ನು ಮುರಿದವರಲ್ಲಿ ಮುಂಚೂಣಿಯಲ್ಲಿದ್ದದ್ದು 1970ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಹುಟ್ಟಿದ 'ಟೋನ್ ಶ್ಟೈನೆ ಶೆರ್ಬೆನ್' ಎಂಬ ತಂಡ. ಜರ್ಮನ್ನಿನಲ್ಲಿ 'ಟೋನ್' ಎಂದರೆ ನಾದ, ಜೇಡಿಮಣ್ಣು ಎರಡೂ ಹೌದು. ಉಳಿದೆರಡು ಪದಗಳ ಅರ್ಥ ಕಲ್ಲುಗಳು ಮತ್ತು ಚೂರುಗಳು. ಆ ಕಾಲದ ಕಟ್ಟಡ ಕಾರ್ಮಿಕರ ಸಂಘದ ಹೆಸರು 'ಬೌ ಶ್ಟೈನೆ ಎರ್ಡೆನ್' ಎಂದಿತ್ತಾಗಿ, ಕೇಳಿದ ಬರ್ಲಿನ್ನಿಗರಿಗೆ ಅದರ ನೆನಪೂ ಆಗದಿರದು. ತಂಡದ ಹಾಡುಗಾರ ರೀಯೋ ರೈಸರ್, 1950ರಲ್ಲಿ ಬರ್ಲಿನ್ನಿನಲ್ಲೇ ಹುಟ್ಟಿದವನು. ನಿಜನಾಮ ರಾಲ್ಫ್ ಮೋಬಿಯುಸ್. 'ರೈಸರ್' ಎಂಬುದನ್ನು ಹದಿನೆಂಟನೆಯ ಶತಮಾನದ 'ಆಂಟನ್ ರೈಸರ್' ಕಾದಂಬರಿಯ ನಾಯಕನಿಂದ ಪಡೆದ. ಗಿಟಾರ್ ವಾದಕ ಲಾನ್ರು ಅವನ ಹಳೆಯ ಗೆಳೆಯ.

ಹಾಡುಗಳು ಮೊಳೆತದ್ದು ರಂಗಭೂಮಿಯಲ್ಲಿ. ರೀಯೋ ತನ್ನ ಅಣ್ಣಂದಿರ ನಾಟಕ ತಂಡದೊಡನೆ ಕಾರ್ಖಾನೆಗಳಲ್ಲಿ ಕೆಲಸ ಕಲಿಯುವ ಹುಡುಗರ ಬದುಕನ್ನು ಆಡಿ ತೋರಿಸುತ್ತಿದ್ದ. ಮೇಸ್ತ್ರಿಯ ಬೈಗುಳ, ಸಾಲದ ಸಂಬಳ, ಬಾಡಿಗೆಯ ಕಾಟ ಇವೆಲ್ಲ ಆ ಹುಡುಗರ ಮಾತಿನಲ್ಲೇ ರಂಗದ ಮೇಲೆ ಬರಬೇಕಿತ್ತು. 'ಮಾಖ್ಟ್ ಕಪುಟ್, ವಾಸ್ ಒಯ್ಖ್ ಕಪುಟ್ ಮಾಖ್ಟ್', ಅಂದರೆ 'ನಿಮ್ಮನ್ನು ಹಾಳುಮಾಡುವುದನ್ನು ಹಾಳುಮಾಡಿ' ಎಂಬ ಅವರ ಮೊದಲ ಪ್ರಸಿದ್ಧ ಹಾಡು ಅಂಥ ಒಂದು ನಾಟಕಕ್ಕಾಗಿ ಹುಟ್ಟಿದ್ದು. 1970ರ ಸೆಪ್ಟೆಂಬರಿನಲ್ಲಿ ಬಾಲ್ಟಿಕ್ ಸಮುದ್ರದ ಫೆಮಾರ್ನ್ ದ್ವೀಪದ ಉತ್ಸವದಲ್ಲಿ ಅವರು ಮೊದಲ ಬಾರಿಗೆ ದೊಡ್ಡ ಜನಸಮೂಹದ ಎದುರು ಹಾಡಿದರು. ಜಿಮಿ ಹೆಂಡ್ರಿಕ್ಸ್ ತನ್ನ ಕೊನೆಯ ದೊಡ್ಡ ಕಛೇರಿ ನಡೆಸಿದ್ದೂ ಅಲ್ಲೇ. ಮಳೆ, ಗಾಳಿ, ಸಂಘಟಕರು ಹಣದೊಂದಿಗೆ ಪರಾರಿ. ಕೊನೆಗೆ ಉತ್ಸವ ಬೆಂಕಿಯಲ್ಲಿ ಮುಗಿಯಿತು. ಹಾಡಿಗೂ ಬೆಂಕಿಗೂ ಜನ ನಂಟು ಕಟ್ಟಿದರು. ತಂಡಕ್ಕೆ ಹೆಸರು ಬಂತು, ಪೊಲೀಸರ ಕಣ್ಣೂ ಬಿತ್ತು.

ದೊಡ್ಡ ಕಂಪನಿಗಳ ಬಾಗಿಲಿಗೆ ಹೋಗದೆ ಅವರು ಸ್ವಂತ ಸಂಸ್ಥೆ ಕಟ್ಟಿದರು. ಹೆಸರು 'ಡೇವಿಡ್ ಫೋಲ್ಕ್ಸ್‌ಮುಂಡ್'. 'ಫೋಲ್ಕ್ಸ್‌ಮುಂಡ್' ಎಂದರೆ ಜನರ ಬಾಯಿ. ಡೇವಿಡ್ ಎಂದರೆ ನಮ್ಮ ಓದುಗರು ದಾವೂದ್ ಎಂದು ಬಲ್ಲ, ಜಾಲೂತನನ್ನು ಕೆಡವಿದ ಅದೇ ಹೆಸರು. 1971ರಲ್ಲಿ ಮೊದಲ ಎಲ್‌ಪಿ ಬಂತು. 1972ರಲ್ಲಿ ಬರಿಯ ರಟ್ಟಿನ ಹೊದಿಕೆಯೊಳಗೆ ಎರಡು ತಟ್ಟೆಗಳ 'ಕೈನೆ ಮಾಖ್ಟ್ ಫ್ಯೂರ್ ನೀಮಾಂಡ್', 'ಯಾರಿಗೂ ಅಧಿಕಾರ ಬೇಡ', ಹೊರಬಿತ್ತು. ಬಸ್ ಟಿಕೆಟ್ ದರ ಏರಿಕೆಯ ಮೇಲೂ ಅದರಲ್ಲೊಂದು ಹಾಡಿದೆ. ಅದೇ ಸಂಪುಟದ 'ಡೇರ್ ಟ್ರೌಮ್ ಇಸ್ಟ್ ಔಸ್', 'ಕನಸು ಮುಗಿಯಿತು', ಎಂಬ ಹಾಡು ನಮಗೆ ಅವರ ಶ್ರೇಷ್ಠ ರಚನೆಯಾಗಿ ಕಾಣುತ್ತದೆ. ಭಾಷೆ ಬಾರದವರಿಗೂ ರೀಯೋನ ಒಡೆದ ಕಂಠ ವಿಷಯ ತಿಳಿಸಿಬಿಡುತ್ತದೆ.

ಆದರೆ ಇತಿಹಾಸಕ್ಕೆ ಸೇರಿದ್ದು 'ರೌಖ್ ಹೌಸ್' ಹಾಡು. ಬರ್ಲಿನ್ ಗೋಡೆಗೆ ಒತ್ತಿಕೊಂಡಿದ್ದ ಕ್ರೋಯ್ಟ್ಸ್‌ಬರ್ಗ್ ಬಡಾವಣೆಯಲ್ಲಿ ಆಗ ಹಳೆಯ ಮನೆಗಳು ಖಾಲಿ ಬೀಳುತ್ತಿದ್ದವು. ತುರ್ಕಿಯಿಂದ ದುಡಿಯಲು ಬಂದ ಕುಟುಂಬಗಳು, ಮನೆ ಬಿಟ್ಟ ಹುಡುಗರು ಅಗ್ಗದ ಬಾಡಿಗೆ ಹುಡುಕಿ ಅಲ್ಲಿಗೇ ಬರುತ್ತಿದ್ದರು. 1971ರ ಡಿಸೆಂಬರ್ 4ರಂದು ಗೇಯೋರ್ಗ್ ಫೋನ್ ರೌಖ್ ಎಂಬ ಯುವಕ ಪೊಲೀಸರ ಗುಂಡಿಗೆ ಬಲಿಯಾದ. ನಾಲ್ಕು ದಿನಗಳ ನಂತರ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಭೆ, ಶೆರ್ಬೆನ್ ತಂಡದ ಹಾಡು. ಹಾಡು ಕೇಳಿದ ಯುವಕರು ನೇರ ಹೋಗಿ, ಮುಚ್ಚಿಹೋಗಿದ್ದ ಬೆಥಾನಿಯನ್ ಆಸ್ಪತ್ರೆಯ ದಾದಿಯರ ವಸತಿಗೃಹವನ್ನು ಹಿಡಿದು, ಸತ್ತವನ ಹೆಸರಿಟ್ಟರು. 1972ರ ಏಪ್ರಿಲ್‌ನಲ್ಲಿ ಪೊಲೀಸರು ಅಲ್ಲಿ ಶೋಧನೆ ನಡೆಸಿದರು. ಆ ಮನೆ ಬಿಡೆವೆಂಬ ಹಟವೇ ಹಾಡಾಯಿತು; ಅದು ಜಮೀನು ವ್ಯಾಪಾರಿಗಳನ್ನು ಹೆಸರು ಹಿಡಿದೇ ಕರೆಯುತ್ತದೆ.

ಇಲ್ಲಿಂದ ತಂಡದ ಕಷ್ಟ ಶುರುವಾಯಿತು. ಹಾಡು ಜನರದ್ದಾದ ಮೇಲೆ ಹಾಡುವವರೂ ತಮ್ಮವರೇ ಎಂದು ಜನ ತಿಳಿದರು. ಪ್ರತಿ ಮುಷ್ಕರಕ್ಕೂ ಪ್ರತಿ ಸಭೆಗೂ ಕರೆ. ಸಂಭಾವನೆ ಕೇಳಿದರೆ ಬಂಡವಾಳಗಾರರೆಂಬ ಮೂದಲಿಕೆ. ಟಿಕೆಟ್ ಇಲ್ಲದೆ ಒಳಬಿಡಬೇಕೆಂಬ ಜಗಳ ಬೇರೆ. ಅಧಿಕಾರದ ವಿರುದ್ಧ ಹಾಡಿದವರ ಮೇಲೆ ಕೇಳುಗರೇ ಅಧಿಕಾರ ಚಲಾಯಿಸಿದರು ಎನ್ನದೆ ಗತ್ಯಂತರವಿಲ್ಲ. 1975ರಲ್ಲಿ ತಂಡ ಬರ್ಲಿನ್ ಬಿಟ್ಟು, ಡೆನ್ಮಾರ್ಕ್ ಗಡಿಯ ಹತ್ತಿರದ ಫ್ರೇಸೆನ್‌ಹಾಗೆನ್ ಎಂಬಲ್ಲಿಯ ತೋಟದ ಮನೆಗೆ ಹೋಯಿತು. ಅದೇ ವರ್ಷದ ಎಲ್‌ಪಿಯಲ್ಲಿ ಪ್ರೀತಿಯನ್ನು ಬಿಗಿಹಿಡಿದುಕೋ ಎನ್ನುವ ಹಾಡಿತ್ತು. ಘೋಷಣೆ ಬಯಸಿದ್ದವರಿಗೆ ಅದು ಪಲಾಯನವಾಗಿ ಕಂಡಿತು. ಇಂದು ಅವರ ಅತಿ ಪ್ರಿಯ ಹಾಡುಗಳಲ್ಲಿ ಅದೂ ಒಂದು.

ಸಾಲ ತೀರಲಿಲ್ಲ. ಕೊನೆಯ ವರ್ಷಗಳ ವ್ಯವಸ್ಥಾಪಕಿ ಕ್ಲೌಡಿಯಾ ರೋಟ್ ಮುಂದೆ ಹಸಿರು ಪಕ್ಷದ ನಾಯಕಿಯಾಗಿ ಸಂಸತ್ತಿನ ಉಪಾಧ್ಯಕ್ಷೆಯೂ ಆದರು. ತಂಡ ಮಾತ್ರ 1985ರಲ್ಲಿ ಮುಚ್ಚಿತು. ರೀಯೋ ಮರುವರ್ಷವೇ ದೊಡ್ಡ ಕಂಪನಿಯೊಂದಕ್ಕೆ 'ಜರ್ಮನಿಯ ರಾಜ' ಎಂಬ ತಮಾಷೆಯ ಹಾಡು ಹಾಡಿ ಮನೆಮಾತಾದ. 1996ರ ಆಗಸ್ಟ್ 20ರಂದು, ನಲವತ್ತಾರರ ವಯಸ್ಸಿನಲ್ಲಿ, ಫ್ರೇಸೆನ್‌ಹಾಗೆನ್‌ನಲ್ಲಿ ತೀರಿಕೊಂಡ. ಅಲ್ಲಿಯೇ ಮಣ್ಣಾದವನನ್ನು 2011ರಲ್ಲಿ ಬರ್ಲಿನ್ನಿಗೆ ತರಲಾಯಿತು. 2022ರಲ್ಲಿ ಕ್ರೋಯ್ಟ್ಸ್‌ಬರ್ಗ್‌ನ ಹೈನ್ರಿಖ್ ಚೌಕಕ್ಕೆ ಸರಕಾರವೇ ರೀಯೋ ರೈಸರ್ ಚೌಕವೆಂದು ಹೆಸರಿಟ್ಟಿತು. ಅಲ್ಲಿಂದ ಸ್ವಲ್ಪ ದೂರ ನಡೆದರೆ ರೌಖ್ ಹೌಸ್; ಅದರಲ್ಲಿ ಈಗಲೂ ಜನ ವಾಸವಾಗಿದ್ದಾರೆ.